ಮನೆವಾರ್ತೆ: ತೇಜಿ-ಮಂದಿಯ ವ್ಯಾಪಾರವೂ ಗೃಹಸ್ಥನ ಗಂಟೂ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ರೈತನಿಗೆ ಏರಿಳಿತವೆಂದರೆ ಏನೆಂಬುದನ್ನು ಯಾರೂ ಹೊಸದಾಗಿ ಬೋಧಿಸಬೇಕಾದುದಿಲ್ಲ. ಕನ್ನಡನಾಡಿನಲ್ಲಿ ಅತ್ಯಲ್ಪ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇವೆರಡೂ ಸೇರಿವೆ. ಒಂದು ವರ್ಷ ಶೇಂಗಾದ ಹೊಲವು ಬುಡ ತುಂಬ ಕಾಯಿ ಕಟ್ಟುವುದು. ಮರುವರ್ಷ ಹೂವಾಡುವ ಹೊತ್ತಿಗೆ ಮಳೆ ಕೈಕೊಟ್ಟು, ಬಿತ್ತನೆಬೀಜಕ್ಕೆ ತೆತ್ತ ಹಣವೂ ಹುಟ್ಟದು. ಬೆಳೆ ಬಂದ ವರ್ಷ ಬೆಲೆ ಇಳಿಯುವುದು; ಬೆಲೆ ಏರಿದ ವರ್ಷ ಮಾರುವುದಕ್ಕೆ ಕಾಯೇ ಇರದು. ಇಂಥ ಬೆಳೆಯನ್ನು ನೆಚ್ಚಿಯೇ ಚಳ್ಳಕೆರೆಯಲ್ಲಿ ಎಣ್ಣೆಗಿರಣಿಗಳು ಎದ್ದವು. ಊರಿಗೆ ‘ಎಣ್ಣೆನಗರಿ’ಯೆಂದೂ ‘ಎರಡನೆಯ ಮುಂಬಯಿ’ಯೆಂದೂ ಹೆಸರು ಬಂದಿತು. 1994ರಲ್ಲಿ ತಾಳೆಯೆಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಆ ಗಿರಣಿಗಳಲ್ಲಿ ಅನೇಕವು ಮುಚ್ಚಿದುದನ್ನೂ ಆ ಊರಿನವರು ಕಣ್ಣಾರೆ ಕಂಡಿರುವರು.

ಇಂತಹ ಊರುಗಳ ಮನೆಗಳಿಗೆ ಈಗ ಇನ್ನೊಂದು ಬಗೆಯ ಏರಿಳಿತವು ಕೈಫೋನಿನ ಮೂಲಕ ಪ್ರವೇಶಿಸುತ್ತಲಿದೆ. ಷೇರುಪೇಟೆಯ ‘ಆಪ್ಷನ್’ ಎಂಬ ವ್ಯಾಪಾರವೇ ಅದು. “ಪೇಟೆ ಏರಲಿ, ಇಳಿಯಲಿ, ನಮಗೆ ಎರಡೂ ಒಂದೇ, ಅಲುಗಾಡಿದರೆ ಸಾಕು, ಲಾಭ” ಎಂದು ಹೇಳುವವರೂ, “ಅಲುಗಾಡದೆ ನಿಂತರೆ ಸಾಕು, ತಿಂಗಳ ಸಂಬಳದಂತೆ ಹಣ” ಎಂದು ಹೇಳುವವರೂ ಹೊರಟಿರುವರು. ಈ ಎರಡು ಮಾತುಗಳ ಹುರುಳೇನು, ಇವುಗಳಿಂದ ಗೃಹಸ್ಥನ ಗಂಟಿಗೆ ಏನಾದೀತು ಎಂಬುದನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ನಾವು ಸಂಕಲ್ಪಿಸಿರುವೆವು.

ಆಪ್ಷನ್ನೆಂಬುದು ಹೆಸರಿನಿಂದ ಹೊಸತು, ವಸ್ತುತಃ ಹಳೆಯದು. ಹತ್ತು ಲಕ್ಷ ರೂಪಾಯಿಯ ನಿವೇಶನಕ್ಕೆ ಇಪ್ಪತ್ತು ಸಾವಿರ ಬಯಾನೆ ಕೊಟ್ಟು ಮೂರು ತಿಂಗಳ ಗಡುವು ಪಡೆದವನ ಸ್ಥಿತಿಯನ್ನು ನೋಡಿರಿ. ನಿವೇಶನದ ಬೆಲೆ ಹನ್ನೆರಡು ಲಕ್ಷಕ್ಕೇರಿದರೆ ಅವನು ಹತ್ತಕ್ಕೇ ಕ್ರಯಪತ್ರ ಮಾಡಿಸಿಕೊಳ್ಳುವನು. ಎಂಟಕ್ಕಿಳಿದರೆ ಬಯಾನೆಯನ್ನು ಬಿಟ್ಟುಬಿಡುವನು. ಅವನು ಇಪ್ಪತ್ತು ಸಾವಿರಕ್ಕೆ ಕೊಂಡುದು ನಿವೇಶನವನ್ನಲ್ಲ, ಕೊಳ್ಳುವ ಹಕ್ಕನ್ನು ಮಾತ್ರ. ಗ್ರೀಕರ ಜ್ಞಾನಿ ಥೇಲೀಸನು ಮಾಡಿದುದೂ ಇದನ್ನೇ ಎಂದು ಅರಿಸ್ಟಾಟಲನು ತನ್ನ ರಾಜನೀತಿಗ್ರಂಥದಲ್ಲಿ ಹೇಳುವನು. ಚಳಿಗಾಲದಲ್ಲಿ ಯಾರಿಗೂ ಬೇಡವಾಗಿದ್ದ ಆಲಿವ್ ಗಾಣಗಳಿಗೆಲ್ಲ ಥೇಲೀಸನು ಅಲ್ಪ ಮುಂಗಡ ಕೊಟ್ಟು ಹಿಡಿದಿಟ್ಟನಂತೆ; ಸುಗ್ಗಿ ಭರ್ಜರಿಯಾಗಿ ಬಂದಾಗ ತಾನು ಹೇಳಿದ ಬಾಡಿಗೆಗೆ ಅವನ್ನು ಕೊಟ್ಟನಂತೆ. ಗಾಣದ ಮಹತ್ವ ಬಲ್ಲ ಚಳ್ಳಕೆರೆಯವರಿಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ.

ನಮ್ಮ ದೇಶದ ಹತ್ತಿ, ಎಣ್ಣೆಬೀಜ, ಬೆಳ್ಳಿಬಂಗಾರಗಳ ಪೇಟೆಗಳಲ್ಲಿ ಇದಕ್ಕೆ ‘ತೇಜಿ-ಮಂದಿ’ ಎಂಬ ಹೆಸರಿದ್ದಿತು. ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು ತೇಜಿ; ಮಾರುವ ಹಕ್ಕು ಮಂದಿ. ಹಕ್ಕಿಗಾಗಿ ಮೊದಲೇ ಕೊಡುವ ಹಣ ನಜರಾನಾ. ಇಂದಿನ ಷೇರುಪೇಟೆಯಲ್ಲಿ ಇವೇ ಕ್ರಮವಾಗಿ ಕಾಲ್, ಪುಟ್, ಪ್ರೀಮಿಯಂ ಎನಿಸಿವೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ಕ್ವಿಂಟಾಲು ಶೇಂಗಾಕ್ಕೆ ಈ ದಿನ 6,000 ರೂಪಾಯಿ ಇದೆಯೆಂದಿಟ್ಟುಕೊಳ್ಳಿರಿ. ರೈತನೊಬ್ಬನು 200 ರೂಪಾಯಿ ನಜರಾನಾ ತೆತ್ತು, ಎರಡು ತಿಂಗಳ ಮೇಲೆ 6,000ಕ್ಕೇ ಮಾರುವ ಹಕ್ಕನ್ನು, ಎಂದರೆ ಮಂದಿಯನ್ನು, ಕೊಳ್ಳುವನು. ಬೆಲೆ 5,000ಕ್ಕೆ ಇಳಿದರೂ ಅವನಿಗೆ 6,000 ಸಿಗುವುದು. 7,000ಕ್ಕೆ ಏರಿದರೆ ಹಕ್ಕನ್ನು ಕೈಬಿಟ್ಟು ಪೇಟೆಯಲ್ಲೇ ಮಾರುವನು. ಹೋದುದು 200 ಮಾತ್ರ. ಇದು ವಿಮೆ. ಇದರಲ್ಲಿ ನಾವು ಯಾವ ದೋಷವನ್ನೂ ಕಾಣೆವು.

ಈಗ ಶೇಂಗಾ ಬೆಳೆಯದ, ಗಿರಣಿಯೂ ಇಲ್ಲದ ಮತ್ತೊಬ್ಬನು ತೇಜಿ, ಮಂದಿ ಎರಡನ್ನೂ ಒಟ್ಟಿಗೆ ಕೊಳ್ಳುವನು. 400 ರೂಪಾಯಿ ತೆರುವನು. ಗಡುವಿನ ದಿನ ಬೆಲೆ 6,400ನ್ನು ದಾಟಿದರೆ ಅಥವಾ 5,600ಕ್ಕಿಂತ ಕೆಳಗಿಳಿದರೆ ಅವನಿಗೆ ಲಾಭ. ನಡುವೆ ನಿಂತರೆ ನಷ್ಟ. ಬೆಲೆ ಯಾವ ಕಡೆಗೆ ಹೋಗುವುದೆಂಬ ಚಿಂತೆ ಅವನಿಗಿಲ್ಲ. ಎಷ್ಟು ದೂರ ಹೋಗುವುದೆಂಬುದೇ ಅವನ ಪಣ. ಏರಿಳಿತವನ್ನೇ ಸರಕನ್ನಾಗಿ ಮಾಡಿ ಮಾರುವ ವ್ಯಾಪಾರವೆಂದರೆ ಇದೇ.

ಇಲ್ಲಿಯೇ ಎಳೆಯರು ಎಡವುವುದು. ಏರಿಳಿತಕ್ಕೂ ಒಂದು ಬೆಲೆಯುಂಟು. ಆ ಬೆಲೆಯೂ ಏರಿಳಿಯುವುದು. ಮಳೆ ಬಂದೀತೋ ಬಾರದೋ ಎಂದು ಎಲ್ಲರೂ ಆಕಾಶ ನೋಡುತ್ತಿರುವ ದಿನ ಆ ಜೋಡಿಹಕ್ಕಿನ ನಜರಾನಾ 400 ಇರದು, 700 ಆಗಿರುವುದು. ಒಬ್ಬನು 700 ತೆತ್ತು ಕೊಂಡನೆನ್ನಿರಿ. ಮಳೆಯ ಸಂಗತಿ ಇತ್ಯರ್ಥವಾಗಿ, ಬೆಲೆ ನಿಜವಾಗಿಯೂ 6,500ಕ್ಕೆ ಏರಿ ಗಡುವಿನವರೆಗೆ ಅಲ್ಲಿಯೇ ನಿಂತಿತು. ಅವನಿಗೆ ಬಂದುದು 500, ಕೊಟ್ಟುದು 700. ಬೆಲೆ ಅಲುಗಾಡುವುದೆಂದು ಅವನೆಣಿಸಿದುದು ಸರಿ. ಆದರೂ 200 ನಷ್ಟ. ಎಲ್ಲರೂ ಏರಿಳಿತವನ್ನು ಎದುರುನೋಡುತ್ತಿರುವಾಗ ಅದನ್ನು ಕೊಳ್ಳುವವನು ದುಬಾರಿ ಬೆಲೆಗೆ ಕೊಳ್ಳುವನು. ಚುನಾವಣೆಯ ಫಲಿತಾಂಶ, ಆಯವ್ಯಯ ಮಂಡನೆ, ಕಂಪನಿಗಳ ಲೆಕ್ಕ ಪ್ರಕಟವಾಗುವ ದಿನ, ಇವೆಲ್ಲದರ ಮುನ್ನಾದಿನಗಳಲ್ಲಿ ಷೇರುಪೇಟೆಯಲ್ಲಿ ನಡೆಯುವುದು ಇದೇ. ಇದಲ್ಲದೆ, ಹಕ್ಕಿನ ಬೆಲೆಯು ಹಣತೆಯ ಎಣ್ಣೆಯಂತೆ ದಿನದಿನಕ್ಕೆ ಸವೆಯುವುದು. ಗಡುವು ಹತ್ತಿರವಾದಷ್ಟೂ ಬೇಗ ಬೇಗ ಸವೆಯುವುದು.

ಹಾಗಾದರೆ ಕೊಳ್ಳುವುದಕ್ಕಿಂತ ಮಾರುವುದೇ ಜಾಣತನವಲ್ಲವೆ ಎಂದು ಕೇಳುವರು. 700 ಪಡೆದು ಜೋಡಿಹಕ್ಕನ್ನು ಮಾರಿದವನಿಗೆ ಹತ್ತರಲ್ಲಿ ಹಲವು ಸಲ ಲಾಭವೇ ಸಿಕ್ಕೀತು. ಆದರೆ ಒಂದು ಸಲ ಬರಗಾಲದ ಸುದ್ದಿ ಹಬ್ಬಿ ಬೆಲೆ 8,000ಕ್ಕೆ ಹಾರಿತೆನ್ನಿರಿ. ಕ್ವಿಂಟಾಲಿಗೆ 2,000 ತೆರಬೇಕು. ಪಡೆದ 700 ಕಳೆದು 1,300 ನಷ್ಟ. ನೂರು ಕ್ವಿಂಟಾಲಿಗೆ ಒಪ್ಪಿದವನಿಗೆ ಸಿಗಬಹುದಾಗಿದ್ದ ಪರಮ ಲಾಭ 70,000; ಆದ ನಷ್ಟ 1,30,000. ಲಾಭಕ್ಕೆ ಮೇರೆಯುಂಟು, ನಷ್ಟಕ್ಕೆ ಮೇರೆಯಿಲ್ಲ. ಹಕ್ಕನ್ನು ಮಾರಿದವನು ಊರಿಗೆಲ್ಲ ವಿಮೆ ಕೊಟ್ಟವನಾಗುವನು. ಆದರೆ ವಿಮಾ ಕಂಪನಿಗಿರುವ ನಿಧಿ ಅವನಲ್ಲಿರದು.

ಇದಕ್ಕೆ ಲೋಕಪ್ರಸಿದ್ಧವಾದ ನಿದರ್ಶನವೊಂದುಂಟು. ಲಂಡನ್ನಿನ ಬೇರಿಂಗ್ಸ್ ಬ್ಯಾಂಕು 1762ರಲ್ಲಿ ಸ್ಥಾಪಿತವಾದುದು. ಅದರ ಸಿಂಗಪುರ ಶಾಖೆಯ ನಿಕ್ ಲೀಸನ್ನನು ಜಪಾನಿನ ನಿಕ್ಕೇ ಸೂಚ್ಯಂಕದ ಮೇಲೆ ಇಂತಹ ಜೋಡಿಹಕ್ಕುಗಳನ್ನು ಮಾರಿದ್ದನು. ಪೇಟೆ ಅಲುಗಾಡದೆ ನಿಲ್ಲುವುದೆಂಬುದೇ ಅವನ ಪಣವಾಗಿದ್ದಿತು. 1995ರ ಜನವರಿ 17ರಂದು ಕೋಬೆ ನಗರದಲ್ಲಿ ಭೂಕಂಪವಾಯಿತು; ಪೇಟೆ ಕುಸಿಯಿತು. ಕಳೆದುದನ್ನು ಮರಳಿ ಪಡೆಯಲು ಅವನು ಪಣವನ್ನು ಇನ್ನೂ ಹೆಚ್ಚಿಸಿದನು. ಕಡೆಗೆ ನಷ್ಟ 82 ಕೋಟಿ ಪೌಂಡುಗಳನ್ನು ಮೀರಿ, ಇನ್ನೂರು ವರ್ಷಕ್ಕೂ ಹಳೆಯದಾದ ಆ ಬ್ಯಾಂಕು ಒಂದು ಪೌಂಡಿಗೆ ಮಾರಾಟವಾಯಿತು. ಭೂಕಂಪದ ದಿನವನ್ನು ಯಾವ ಪಂಡಿತನ ಗಣಿತವೂ ಹೇಳಿರಲಿಲ್ಲ.

ಈ ವ್ಯಾಪಾರದ ಅಪಾಯವನ್ನು ನಮ್ಮ ದೇಶದ ಕಾಯಿದೆಗಳು ಹಿಂದೆಯೇ ಕಂಡುಕೊಂಡಿದ್ದವು. 1952ರ ಕಾಯಿದೆಯು ಸರಕುಗಳ ಮೇಲಣ ತೇಜಿ-ಮಂದಿಯನ್ನೂ, 1956ರ ಕಾಯಿದೆಯು ಷೇರುಗಳ ಮೇಲಣ ಆಪ್ಷನ್ನನ್ನೂ ನಿಷೇಧಿಸಿದವು. ಷೇರುಗಳ ಮಟ್ಟಿಗೆ ಆ ನಿಷೇಧ 1995ರಲ್ಲಿ ತೆಗೆಯಲ್ಪಟ್ಟು, 2001ರಲ್ಲಿ ಆಪ್ಷನ್ ವ್ಯಾಪಾರ ಮೊದಲಾಯಿತು. ಸರಕುಗಳಲ್ಲಿ ಅದು 2017ರಲ್ಲಿ ಬಂಗಾರದಿಂದ ಆರಂಭವಾಯಿತು.

ಏರಿಳಿತದ ನಿರೀಕ್ಷೆಯನ್ನು ಅಳೆಯುವ ‘ಇಂಡಿಯಾ ವಿಕ್ಸ್’ ಎಂಬ ಸೂಚಿಯು 2008ರಲ್ಲಿ ಬಂದಿತು. ನಿಫ್ಟಿಯ ಆಪ್ಷನ್ನುಗಳಿಗೆ ಜನ ಎಷ್ಟು ನಜರಾನಾ ತೆರಲು ಸಿದ್ಧರಿರುವರೆಂಬುದರಿಂದ ಅದನ್ನು ಲೆಕ್ಕಹಾಕುವರು. ಸೂಚಿ 15 ಇದ್ದರೆ, ಅದು ವರ್ಷದ ಲೆಕ್ಕ. ಒಂದು ತಿಂಗಳಿಗೆ ತರಬೇಕಾದರೆ ಹನ್ನೆರಡರ ವರ್ಗಮೂಲವಾದ 3.46ರಿಂದ ಭಾಗಿಸಬೇಕು. ನಿಫ್ಟಿಯು ಮುಂದಿನ ಮೂವತ್ತು ದಿನಗಳಲ್ಲಿ ಸುಮಾರು ಶೇಕಡ 4.3ರಷ್ಟು ಮೇಲಕ್ಕೋ ಕೆಳಕ್ಕೋ ಒಳಗೆ ಉಳಿಯುವ ಸಂಭವ ಮೂರರಲ್ಲಿ ಎರಡು ಪಾಲು ಎಂದು ಪೇಟೆ ಭಾವಿಸಿದೆಯೆಂದು ಅದರ ಅರ್ಥ. ಉಳಿದ ಒಂದು ಪಾಲನ್ನು ಮರೆಯಬಾರದು. 2020ರ ಮಾರ್ಚಿ 23ರಂದು, ಸಾಂಕ್ರಾಮಿಕದ ಭಯದಲ್ಲಿ, ನಿಫ್ಟಿ ಒಂದೇ ದಿನ ಶೇಕಡ 13ರಷ್ಟು ಬಿದ್ದಿತು. ಆ ದಿನಗಳಲ್ಲಿ ಸೂಚಿ ಎಂಬತ್ತನ್ನು ಮೀರಿತು. 2024ರ ಜೂನ್ 4ರಂದು, ಲೋಕಸಭೆಯ ಮತ ಎಣಿಕೆಯ ದಿನ, ನಿಫ್ಟಿ ಶೇಕಡ 6ರಷ್ಟು ಇಳಿಯಿತು.

ಇನ್ನು ಫಲವೇನೆಂಬುದನ್ನು ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯೇ ಲೆಕ್ಕಮಾಡಿ ಪ್ರಕಟಿಸಿರುವುದು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ವಾಯಿದೆ ಮತ್ತು ಆಪ್ಷನ್ ವ್ಯಾಪಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದವರು ನೂರಕ್ಕೆ ಒಬ್ಬರು. ವ್ಯಾಪಾರಿಗಳಲ್ಲಿ ನೂರಕ್ಕೆ 72ಕ್ಕಿಂತ ಹೆಚ್ಚು ಮಂದಿ ದೇಶದ ಮೂವತ್ತು ದೊಡ್ಡ ನಗರಗಳ ಹೊರಗಿನವರು. ಎಂದರೆ ಚಳ್ಳಕೆರೆಯಂತಹ ಊರುಗಳವರು. 2024ರ ನವೆಂಬರಿನಿಂದ ಒಂದು ಒಪ್ಪಂದದ ಮೌಲ್ಯ ಕನಿಷ್ಠ 15 ಲಕ್ಷವಿರಬೇಕೆಂದು ಮಂಡಳಿ ವಿಧಿಸಿತು. ಆದರೂ 2024-25ರಲ್ಲಿ ನೂರಕ್ಕೆ 91 ಮಂದಿ ನಷ್ಟವನ್ನೇ ಹೊಂದಿದರು. ಎದುರಿಗೆ ಕುಳಿತವರು ಬೃಹತ್ ಸಂಸ್ಥೆಗಳು, ಕ್ಷಣದ ಸಾವಿರದೊಂದು ಪಾಲಿನಲ್ಲಿ ವ್ಯಾಪಾರ ಮುಗಿಸುವ ಯಂತ್ರಗಳು. ದಲಾಲಿ, ತೆರಿಗೆಗಳಂತೂ ಗೆದ್ದವನಿಂದಲೂ ಸೋತವನಿಂದಲೂ ಸಮನಾಗಿ ವಸೂಲಾಗುವುವು.

ಬಿಡಿ ಕಂಪನಿಗಳ ಷೇರಿನ ಆಪ್ಷನ್ನಿನಲ್ಲಿ ಮತ್ತೊಂದು ತೊಡಕುಂಟು. 2019ರಿಂದ, ಗಡುವಿನವರೆಗೆ ಇಟ್ಟುಕೊಂಡ, ಲಾಭದಲ್ಲಿರುವ ಹಕ್ಕಿಗೆ ಷೇರನ್ನೇ ಕೊಡಬೇಕು ಅಥವಾ ಪೂರ್ತಿ ಹಣ ತೆತ್ತು ಕೊಳ್ಳಬೇಕು. ಸಾವಿರಗಳಲ್ಲಿ ಆಡಿದವನಿಂದ ಲಕ್ಷಗಳು ಕೇಳಲ್ಪಡುವುವು.

ಹಾಗೆಂದು ಏರಿಳಿತದಿಂದ ರಕ್ಷಣೆಯೇ ಬೇಡವೆಂದು ನಮ್ಮ ಮಾತಲ್ಲ. ಮೊಳಕಾಲ್ಮೂರಿನ ನೇಕಾರನನ್ನು ನೋಡಿರಿ. ಮದುವೆಗೆಂದು ಬಂದವರಿಗೆ ಅವನು ಇಂದೇ ರೇಷ್ಮೆ ಸೀರೆಯ ಬೆಲೆ ಹೇಳಿ ಒಪ್ಪುವನು; ನೂಲನ್ನು ಮಾತ್ರ ತಿಂಗಳ ಮೇಲೆ ಕೊಳ್ಳುವನು. ಅಷ್ಟರಲ್ಲಿ ನೂಲಿನ ಬೆಲೆ ಏರಿದರೆ ನಷ್ಟ ಅವನದು. ಇಳಿದರೆ ಗಿರಾಕಿ ಬೇರೆ ಮಗ್ಗಕ್ಕೆ ಹೋಗುವನು. ಅವನು ತನಗರಿಯದೆಯೇ ಗಿರಾಕಿಗೆ ತೇಜಿಯನ್ನು ಮಾರಿರುವನು, ಅದೂ ನಜರಾನಾ ಪಡೆಯದೆ. ಮಾತು ಕೊಟ್ಟ ದಿನವೇ ನೂಲಿನ ಬೆಲೆಗೆ ಸಾಲುವಷ್ಟು ಮುಂಗಡ ಪಡೆದು ನೂಲು ಕೊಂಡಿಟ್ಟರೆ ಆ ಅಪಾಯ ತಪ್ಪುವುದು. ಇದಕ್ಕೆ ಫೋನೂ ಬೇಡ, ಸೂಚಿಯೂ ಬೇಡ.

ಶೇಂಗಾ ಬೆಳೆಯುವವನಿಗೂ ಎರಡು ಹಕ್ಕುಗಳು ಈಗಾಗಲೇ ಇವೆ. ಕೇಂದ್ರ ಸರಕಾರವು 2025-26ಕ್ಕೆ ಕ್ವಿಂಟಾಲು ಶೇಂಗಾಕ್ಕೆ 7,263 ರೂಪಾಯಿ ಬೆಂಬಲಬೆಲೆ ಗೊತ್ತುಮಾಡಿತು. ಖರೀದಿ ಕೇಂದ್ರ ತೆರೆದಾಗ ಸಕಾಲದಲ್ಲಿ ಹೆಸರು ನೋಂದಾಯಿಸಿದವನಿಗೆ ಅದು ನಜರಾನಾ ಇಲ್ಲದ ಮಂದಿಯೇ ಸರಿ. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಎಣ್ಣೆಬೀಜಗಳಿಗೆ ರೈತನು ತೆರಬೇಕಾದುದು ವಿಮಾ ಮೊತ್ತದ ನೂರಕ್ಕೆ ಎರಡು. ಉಳಿದುದನ್ನು ಸರಕಾರಗಳು ತೆರುವುವು. ಏರಿಳಿತದ ವಿರುದ್ಧ ಇಷ್ಟು ಅಗ್ಗದ ಹಕ್ಕು ಯಾವ ಷೇರುಪೇಟೆಯಲ್ಲಿಯೂ ದೊರಕದು. ಇವನ್ನು ಗಡುವು ಮೀರಿ ಕೈಬಿಟ್ಟು, ಅದೇ ಹಣದಿಂದ ಕಾಣದ ಊರಿನ ಸೂಚ್ಯಂಕಕ್ಕೆ ವಿಮೆ ಕೊಡಲು ಹೊರಡುವುದು ವಿವೇಕವೆ?

ಮನೆಯಲ್ಲಿ ಯಾರಾದರೂ ಈ ವ್ಯಾಪಾರಕ್ಕೆ ಕೈಹಾಕಿದ್ದರೆ ಹಿರಿಯರೂ ಗೃಹಿಣಿಯರೂ ಕೋಪಿಸದೆ ಮೂರು ಪ್ರಶ್ನೆ ಕೇಳಿರಿ. ನೀನು ಹಕ್ಕನ್ನು ಕೊಂಡವನೋ, ಮಾರಿದವನೋ? ಅತ್ಯಂತ ಕೆಟ್ಟ ದಿನ ಬಂದರೆ ಎಷ್ಟು ತೆರಬೇಕಾದೀತು, ಅಂಕಿಯಲ್ಲಿ ಬರೆದು ತೋರಿಸುವೆಯಾ? ಈ ಹಣ ಯಾವುದು: ಉಳಿದ ಹಣವೋ, ಬಿತ್ತನೆಯ ಹಣವೋ, ಒಡವೆ ಅಡವಿಟ್ಟು ತಂದುದೋ? ಮೊದಲೆರಡಕ್ಕೆ ಉತ್ತರ ಬಾರದಿದ್ದರೂ, ಮೂರನೆಯದಕ್ಕೆ ಸಾಲವೆಂಬ ಉತ್ತರ ಬಂದರೂ, ಆ ದಿನವೇ ವ್ಯಾಪಾರವನ್ನು ನಿಲ್ಲಿಸತಕ್ಕದ್ದು. ಆಗಿರುವ ನಷ್ಟವನ್ನು ಅದೇ ಪಣದಿಂದ ತುಂಬಿಕೊಳ್ಳುವೆನೆಂಬ ಮಾತಿಗೆ ಕಿವಿಗೊಡಬೇಡಿರಿ. ಬೇರಿಂಗ್ಸ್ ಬ್ಯಾಂಕು ಮುಳುಗಿದುದು ಆ ಮಾತಿನಿಂದಲೇ. ಸಾಲವಾಗಿದ್ದರೆ ಮುಚ್ಚಿಡದೆ ಮನೆಯವರೆಲ್ಲ ಕುಳಿತು ಕಾಗದದ ಮೇಲೆ ಬರೆದು, ತೀರಿಸುವ ಕ್ರಮವನ್ನು ಗೊತ್ತುಮಾಡಿಕೊಳ್ಳಿರಿ. ತಪ್ಪೊಪ್ಪಿದ ಎಳೆಯನನ್ನು ಹೀಯಾಳಿಸಬೇಡಿರಿ. ಹೆದರಿಸಿದರೆ ಅವನು ಮುಂದಿನ ಸಾಲವನ್ನು ಇನ್ನೂ ಆಳವಾಗಿ ಬಚ್ಚಿಡುವನು.

ಮುಂದಿನ ತಿಂಗಳು, ಬೆಳೆವಿಮೆಗೆ ಬೇಕಾಗುವ ಕಾಗದಪತ್ರಗಳ ವಿಷಯವನ್ನು ಬರೆಯುವೆವು. ಅಷ್ಟರೊಳಗೆ ವಾಚಕರು ತಮ್ಮ ಪಹಣಿಯಲ್ಲಿ ಬೆಳೆಯ ಹೆಸರು ಸರಿಯಾಗಿ ದಾಖಲಾಗಿದೆಯೇ ಎಂದು ಒಮ್ಮೆ ನೋಡಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.