ಬೃಂದಾವನವನ್ನು ಹಗಲಲ್ಲೂ ನೋಡಿ



ಕೃಷ್ಣರಾಜಸಾಗರ (ಕೆಆರ್‌ಎಸ್) ಅಣೆಕಟ್ಟೆಗೆ ಬರುವ ಹೆಚ್ಚಿನವರು ಸಂಜೆ ಬಂದು, ಸಂಗೀತ ಕಾರಂಜಿ ನೋಡಿ, ಮೊಬೈಲ್ ತುಂಬ ಫೋಟೊ ತೆಗೆದುಕೊಂಡು ಬಸ್ ಹತ್ತುತ್ತಾರೆ. ಬೃಂದಾವನವೆಂದರೆ ಅಷ್ಟೇ ಅಲ್ಲ. ಹಳೆಯ ಕನ್ನಂಬಾಡಿ ಊರನ್ನು ಮುಳುಗಿಸಿದ ಕಟ್ಟೆಯ ಬುಡದಲ್ಲೇ 1927ರಲ್ಲಿ ಕೆಲಸ ಶುರುವಾಗಿ, 1932ರಲ್ಲಿ ಸಿದ್ಧವಾದ ತೋಟವಿದು. ಕಾಶ್ಮೀರದ ಶಾಲಿಮಾರ್ ಮಾದರಿಯಲ್ಲಿ ಇದನ್ನು ಮಾಡಿಸಿದವರು ದಿವಾನ್ ಮಿರ್ಜಾ ಇಸ್ಮಾಯಿಲ್.

ಹಂತ ಹಂತವಾಗಿ ಇಳಿಯುವ ಹುಲ್ಲುಹಾಸು, ಅದರ ನಡುವೆ ಧುಮುಕುತ್ತಾ ಸಾಗುವ ನೀರು, ಕಟ್ಟೆಯ ಬದಿಯ ಕಾವೇರಿ ವಿಗ್ರಹ ಬಿಸಿಲಲ್ಲೇ ಚೆನ್ನ. ಬಣ್ಣದ ದೀಪ ಬಿದ್ದರೆ ಗಿಡಗಳ ನಿಜವಾದ ಹಸಿರೇ ಕಾಣದು! ಮಕ್ಕಳ ಉದ್ಯಾನ, ದೋಣಿವಿಹಾರ ಹೇಗೂ ಇವೆ. ಶಾಲಾ ಪ್ರವಾಸ ಏರ್ಪಡಿಸುವ ಶಿಕ್ಷಕರು ದಯವಿಟ್ಟು ಮಕ್ಕಳನ್ನು ಮಧ್ಯಾಹ್ನವೇ ಕರೆತಂದು ಈ ಚರಿತ್ರೆಯನ್ನೂ ಹೇಳಲಿ.

– ಓದುಗ, ಮಂಡ್ಯ