ಹಗುರವೆಂದರೆ ಒಳ್ಳೆಯದೇ?

“ಒಂದೇ ಬೆರಳಿಗೆ ತಿರುಗಬೇಕು, ಅದೇ ಒಳ್ಳೆಯ ಕಾರು” ಎಂದು ನಮ್ಮ ಹಾಸ್ಟೆಲಿನ ಮಿತ್ರರೊಬ್ಬರು ಮೊನ್ನೆ ತೀರ್ಪು ಕೊಟ್ಟರು. ನಾನಿದನ್ನು ಒಪ್ಪಲಾರೆ. ಬಿ.ಎ. ಓದುವವನಿಗೆ ಮೋಟಾರಿನ ಗೊಡವೆ ಏಕೆಂದು ನಗುವವರು ನಗಲಿ. ನಮ್ಮ ತಂದೆಯವರು ಲಾರಿ ನಡೆಸಿದವರು. ಆ ದುಡಿಮೆಯಿಂದಲೇ ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಒಬ್ಬನು ಕಾಲೇಜಿನ ಮೆಟ್ಟಿಲು ಹತ್ತಿದ್ದು. ಅವರ ಹಳೆಯ ಲಾರಿಗೆ ಪವರ್ ಸ್ಟಿಯರಿಂಗ್ ಇರಲಿಲ್ಲ. ಮಂಡಿಯ ಇಕ್ಕಟ್ಟಿನಲ್ಲಿ ಗಾಡಿ ಹೊರಳಿಸಿ ಬಂದ ರಾತ್ರಿ ಮುದ್ದೆ ಮುರಿಯಲೂ ಅವರ ತೋಳು ಏಳುತ್ತಿರಲಿಲ್ಲ.

ನಿಂತ ಗಾಡಿಯ ಟೈರು ಉರುಳದು. ನೆಲವನ್ನು ಉಜ್ಜಿಕೊಂಡೇ ಹೊರಳಬೇಕು. ಭಾರವೆಲ್ಲ ಇರುವುದು ಅಲ್ಲಿ. ಗಾಡಿ ಉರುಳತೊಡಗಿತೆಂದರೆ ಅದೇ ಚಕ್ರ ಸಲೀಸಾಗಿ ತಿರುಗುತ್ತದೆ. 1951ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯು ತನ್ನ ಇಂಪೀರಿಯಲ್ ಕಾರಿನಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟಿಯರಿಂಗನ್ನು ಮಾರಾಟಕ್ಕೆ ತಂದಿತು. ತೋಳಿಗೇನೋ ಸುಖವಾಯಿತು. ಆದರೆ ವೇಗದ ಪರಿವೆಯಿಲ್ಲದ ಸಹಾಯವು ಹೆದ್ದಾರಿಯಲ್ಲಿ ಅಪಾಯವೇ ಸರಿ. ಕೈ ಕೊಂಚ ಅಲುಗಿದರೆ ಗಾಡಿ ಒಂದು ಪಕ್ಕಕ್ಕೆ. ಗಾಬರಿಯಿಂದ ಮರಳಿ ಎಳೆದರೆ ಇನ್ನೊಂದು ಪಕ್ಕಕ್ಕೆ. ರಸ್ತೆಯ ಹದ ಅಂಗೈಗೆ ತಿಳಿಯುವುದೇ ಇಲ್ಲ.

1970ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಎಸ್.ಎಂ. ಕಾರು, ವೇಗ ಹೆಚ್ಚಿದಷ್ಟೂ ಬಿಗಿಯಾಗುವ ಸ್ಟಿಯರಿಂಗಿನೊಡನೆ ಬಂದಿತು. ಇಂದಿನ ಹೆಚ್ಚಿನ ಕಾರುಗಳಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟಾರು ಇದೆ. ಸ್ಟಿಯರಿಂಗಿನ ದಂಡದೊಳಗೆ ತೆಳುವಾದ ಸಲಾಕೆಯೊಂದುಂಟು. ನಾವು ತಿರುಗಿಸಿದಾಗ ಅದು ತುಸು ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಸೆನ್ಸರು ಅಳೆಯುತ್ತದೆ. ಚಕ್ರಗಳ ಕಡೆಯಿಂದ ವೇಗದ ಲೆಕ್ಕವೂ ಬರುತ್ತದೆ. ಎರಡನ್ನೂ ಕೂಡಿಸಿ ನೋಡುವ ಪುಟ್ಟ ಕಂಪ್ಯೂಟರು, ನಿಧಾನದಲ್ಲಿ ಮೋಟಾರಿನಿಂದ ಹೆಚ್ಚು ಬಲ ಕೊಡಿಸಿ, ವೇಗ ಏರಿದಂತೆ ಕೈ ಬಿಡುತ್ತ ಹೋಗುತ್ತದೆ. (ನೇರ ರಸ್ತೆಯಲ್ಲಿ ಮೋಟಾರಿಗೆ ಹೆಚ್ಚು ಕೆಲಸವಿಲ್ಲದ್ದರಿಂದ ಪೆಟ್ರೋಲೂ ಸ್ವಲ್ಪ ಉಳಿಯುತ್ತದೆ.)

ಎಷ್ಟು ಕೈ ಬಿಡಬೇಕೆಂಬುದು ಮಾತ್ರ ತಯಾರಕರ ಇಷ್ಟ. ಕೊಳ್ಳುವವರೋ, ಅಂಗಡಿಯ ಅಂಗಳದಲ್ಲೇ ಬೆರಳಾಡಿಸಿ ತೃಪ್ತರಾಗುತ್ತಾರೆ. ಹೀಗಿರುವಾಗ ತಯಾರಕರು ಹೆದ್ದಾರಿಯ ಚಿಂತೆ ಏಕೆ ಮಾಡಿಯಾರು? ನನ್ನ ಮಿತ್ರರಂಥವರ ತೀರ್ಪಿಗೆ ನಾನು ಅಂಜುವುದು ಇದಕ್ಕೇ.

ಕಳೆದ ಯುಗಾದಿಗೆ ಬಂಧುಗಳ ಹೊಸ ಕಾರನ್ನು ತಂದೆಯವರು ನಡೆಸಿದರು. ಓಣಿಯ ತಿರುವಿನಲ್ಲಿ ಮಗುವಿನಂತೆ ನಕ್ಕರು. ಹೆದ್ದಾರಿಗೆ ಬಂದು ಮುಳ್ಳು 80 ಮುಟ್ಟಿದಾಗ, “ಈಗ ಗಾಡಿ ಕೈಗೆ ಸಿಕ್ತು ನೋಡಪ್ಪ” ಎಂದರು.