ಚಂದಾ ಬಿಟ್ಟವರು ದ್ರೋಹಿಗಳಲ್ಲ

'ಹೊರನಾಡ ಕನ್ನಡಿಗರು ಓದುವುದೇ ಬಿಟ್ಟರು, ಒಬ್ಬೊಬ್ಬರಾಗಿ ಅನ್‌ಸಬ್‌ಸ್ಕ್ರೈಬ್ ಆಗುತ್ತಿದ್ದಾರೆ' ಎಂಬ ಗೋಳು ಪತ್ರಿಕೆ ನಡೆಸುವ ನಮ್ಮಂಥವರ ಬಾಯಿಗೆ ಸಲೀಸಾಗಿ ಬರುತ್ತದೆ. ನಾನು ಒಪ್ಪುವುದಿಲ್ಲ. ಅಚ್ಚಿನ ಪತ್ರಿಕೆಯ ಚಂದಾ ವರ್ಷಕ್ಕೆ ಮುಗಿಯುತ್ತಿತ್ತು. ಬೇಡವಾದವರು ಮತ್ತೆ ಹಣ ಕಳಿಸುತ್ತಿರಲಿಲ್ಲ, ಅಷ್ಟೆ. ಇಮೇಲ್ ಚಂದಾ ತಾನಾಗಿ ಮುಗಿಯುವುದೇ ಇಲ್ಲ. ಬಿಡಬೇಕೆಂದರೆ ಓದುಗರೇ ಗುಂಡಿ ಒತ್ತಬೇಕು. ಒತ್ತಿದೊಡನೆ ಅದು ನಮಗೆ ಭಾಷಾದ್ರೋಹದಂತೆ ಕಾಣುತ್ತದೆ!

ಕತೆ ಓದಲೆಂದು ಹೆಸರು ಕೊಟ್ಟವರಿಗೆ ನಾವು ಕಳಿಸುವುದೇನು? ರಾಜ್ಯೋತ್ಸವದ ಶುಭಾಶಯ, ಶಾಲು-ಹಾರದ ಫೋಟೊ, ಸಂಪಾದಕರಿಗೆ ಸಂದ ಸನ್ಮಾನ, ಕೊನೆಗೆ 'ಹತ್ತು ಜನರಿಗೆ ಹಂಚಿ' ಎಂಬ ಅಪ್ಪಣೆ. ಫೇಸ್‌ಬುಕ್ಕಿನಲ್ಲೂ ಇದೇ ಹಾಡು. ಕತೆ ತಿಂಗಳಿಗೊಂದು, ಪ್ರಚಾರ ದಿನಕ್ಕೆರಡು. ವಿರಾರ್ ಲೋಕಲಿನಲ್ಲಿ ನಿಂತೇ ಫೋನಿನಲ್ಲಿ ಓದುವವರಿಗೆ ಅಷ್ಟು ಸಹನೆ ಎಲ್ಲಿಂದ ಬರಬೇಕು?

ಬಿಡುವ ಕೊಂಡಿಯನ್ನು ತಳದಲ್ಲಿ, ಮಸುಕು ಅಕ್ಷರದಲ್ಲಿ ಅಡಗಿಸುವ ಜಾಣತನ ಬೇರೆ. ಜಿಮೇಲ್‌ಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರ ಪ್ರಚಾರದ ಮೇಲುಗಳಿಗೆ ಒಂದೇ ಕ್ಲಿಕ್ಕಿನ ಬಿಡುಗಡೆಯನ್ನು ಗೂಗಲ್ 2024ರಲ್ಲಿ ಕಡ್ಡಾಯ ಮಾಡಿತು. ನಮ್ಮ ಪಟ್ಟಿ ಚಿಕ್ಕದು, ನಿಜ. ಆದರೆ ದಾರಿ ಕಾಣದ ಓದುಗರು 'ಸ್ಪ್ಯಾಮ್' ಒತ್ತುತ್ತಾರೆ. ಆಮೇಲೆ ಇಷ್ಟಪಟ್ಟು ಓದುವವರ ಇನ್‌ಬಾಕ್ಸಿಗೂ ನಮ್ಮ ಕತೆ ತಲುಪುವುದು ಕಷ್ಟ.

ವರ್ಷಕ್ಕೊಮ್ಮೆ 'ಮುಂದುವರಿಸೋಣವೇ?' ಎಂದು ಕೇಳೋಣ. ಉತ್ತರ ಬಾರದ ಹೆಸರುಗಳನ್ನು ನಾವೇ ತೆಗೆಯೋಣ.